ಪುಸ್ತಕದ ಆ ಜೀವಕೋಶ ಯಾರ ಮೈಯಲ್ಲಿದೆ?

ಕಳೆದ ಭಾನುವಾರ ನಮ್ಮೂರ ಗ್ರಂಥಾಲಯದಲ್ಲಿ ಜೀವಕೋಶಗಳ ಬಗ್ಗೆ ಒಂದೂವರೆ ಗಂಟೆ ಮಾತಾಡಿದೆ. ಎದುರಿಗೆ ಕೂತವರಲ್ಲಿ ಎಂಟು, ಒಂಬತ್ತನೇ ತರಗತಿಯ ಮಕ್ಕಳೇ ಜಾಸ್ತಿ. ಅವರನ್ನು ಕರೆತಂದ ಅಪ್ಪ ಅಮ್ಮಂದಿರು ಇದ್ದರು, ಮೊಮ್ಮಕ್ಕಳ ಜೊತೆ ಬಂದ ಒಬ್ಬ ಅಜ್ಜಿಯೂ ಇದ್ದರು. ಬರಲಾಗದವರು ಕೆಲವರು ಬರೆದು ಕೊಡಿ ಸರ್ ಅಂದರು. ಅವತ್ತು ಆಡಿದ್ದನ್ನೇ ಇಲ್ಲಿ ಬರೆದಿದ್ದೇನೆ, ಅಲ್ಲಲ್ಲಿ ಸ್ವಲ್ಪ ಹಿಂದೆ ಮುಂದೆ ಮಾಡಿದ್ದೇನೆ ಅಷ್ಟೇ.

ಶುರುವಿನಲ್ಲೇ ಮಕ್ಕಳಿಗೆ ಒಂದೊಂದು ಹಾಳೆ ಕೊಟ್ಟು, ಜೀವಕೋಶದ ಚಿತ್ರ ಬರೆಯಿರಿ ಅಂದೆ. ಐದು ನಿಮಿಷ ಬಿಟ್ಟು ನೋಡಿದರೆ ಎಲ್ಲಾ ಹಾಳೆಯಲ್ಲೂ ಒಂದೇ ಚಿತ್ರ. ದುಂಡಗಿನ ಒಂದು ಗೆರೆ, ನಡುವೆ ಕೋಶಕೇಂದ್ರ, ಅದರ ಪಕ್ಕ ಸುರುಳಿ ಸುರುಳಿ ಗೆರೆಗಳು, ಅಲ್ಲಲ್ಲಿ ಕಾಳು ಚೆಲ್ಲಿದ ಹಾಗೆ ಕೋಶಕ್ಕೆ ಶಕ್ತಿ ಒದಗಿಸುವ ನಾಲ್ಕೈದು ಮೈಟೊಕಾಂಡ್ರಿಯ. ಚೆನ್ನಾಗಿಯೇ ಬರೆದಿದ್ದರು, ಭಾಗಗಳ ಹೆಸರನ್ನೂ ತಪ್ಪಿಲ್ಲದೆ ಗುರುತಿಸಿದ್ದರು. ಮುಂದೆ ಕೂತಿದ್ದ ಹುಡುಗಿಯನ್ನು ಕೇಳಿದೆ, ‘ಇದು ನಿನ್ನ ಮೈಯಲ್ಲಿ ಎಲ್ಲಿದೆಯಮ್ಮಾ?’ ಅವಳು ಕೈ ನೋಡಿಕೊಂಡಳು, ಗೆಳತಿಯ ಮುಖ ನೋಡಿದಳು. ಆಮೇಲೆ ‘ಎಲ್ಲಾ ಕಡೆ ಸರ್’ ಅಂದಳು.

ಎಲ್ಲೂ ಇಲ್ಲ. ನಾನು ಅವತ್ತು ಹೇಳಬೇಕು ಅಂತ ಹೋಗಿದ್ದು ಇದನ್ನೇ. ಹತ್ತಾರು ಬಗೆಯ ಕೋಶಗಳಲ್ಲಿ ಕಂಡದ್ದನ್ನೆಲ್ಲ ಒಟ್ಟು ಮಾಡಿ, ಕಲಿಯೋಕೆ ಸುಲಭವಾಗಲಿ ಅಂತ ಒಂದೇ ಚೀಲಕ್ಕೆ ತುಂಬಿದ ಚಿತ್ರ ಅದು. ಅದನ್ನು ಬಾಯಿಪಾಠ ಮಾಡಿದ ಮಗುವಿಗೆ ಹೆಸರುಗಳು ಬರುತ್ತವೆ. ಆದರೆ ಒಂದು ಕೋಶದಲ್ಲಿ ಯಾವುದೋ ಒಂದು ಭಾಗ ಯಾಕೆ ಅಷ್ಟಿದೆ, ಇನ್ನೊಂದರಲ್ಲಿ ಯಾಕೆ ಇಲ್ಲವೇ ಇಲ್ಲ ಅನ್ನೋದು ಹೊಳೆಯೋದಿಲ್ಲ. ಇಪ್ಪತ್ತು ವರ್ಷ ಪಾಠ ಮಾಡಿದ ನನಗೆ ಇದು ನಿಜಕ್ಕೂ ಬೇಜಾರಿನ ಸಂಗತಿ. ಯಾಕೆಂದರೆ ಖುಷಿ ಇರೋದು ಆ ‘ಯಾಕೆ’ಯಲ್ಲೇ. ಕೋಶ ಮಾಡುವ ಕೆಲಸ ಏನು ಅಂತ ಮೊದಲು ಕೇಳಿ, ಆಮೇಲೆ ಅದರ ಒಳಗೆ ಏನಿರಬಹುದು ಅಂತ ಊಹಿಸಿ ಅಂದೆ. ಅವತ್ತು ಪೂರ್ತಿ ನಾವು ಆಡಿದ್ದು ಇದೇ ಆಟ.

ಮೊದಲು ರಕ್ತ. ಒಬ್ಬ ಮನುಷ್ಯನ ಮೈಯಲ್ಲಿ ಸುಮಾರು 30 ಲಕ್ಷ ಕೋಟಿ ಜೀವಕೋಶಗಳಿವೆ ಅಂತ ಅಂದಾಜು. ಅದರಲ್ಲಿ ನೂರಕ್ಕೆ ಎಂಬತ್ತಕ್ಕಿಂತ ಜಾಸ್ತಿ ಬರೀ ಕೆಂಪು ರಕ್ತಕಣಗಳು. ಅಂದರೆ ಎಣಿಕೆಯಲ್ಲಿ ನೋಡಿದರೆ ನಮ್ಮ ಮೈಯ ಮಾಮೂಲಿ ಕೋಶ ಅದೇ. ಈಗ ಅದನ್ನು ತೆರೆದು ನೋಡಿ. ಕೋಶಕೇಂದ್ರ ಇಲ್ಲ. ಮೈಟೊಕಾಂಡ್ರಿಯ ಇಲ್ಲ. ಪ್ರೋಟೀನ್ ಕಟ್ಟುವ ರೈಬೋಸೋಮ್ ಇಲ್ಲ. ಹೊರಗೊಂದು ಪೊರೆ, ಅದು ಮುರುಟದ ಹಾಗೆ ಒಳಗಿನಿಂದ ಹಿಡಿದಿರುವ ಒಂದು ಬಲೆ, ಉಳಿದದ್ದೆಲ್ಲ ಹಿಮೋಗ್ಲೋಬಿನ್. ಒಂದು ಕಣದಲ್ಲಿ ಸುಮಾರು 27 ಕೋಟಿ ಹಿಮೋಗ್ಲೋಬಿನ್ ಅಣುಗಳು! ಕಣದ ಅಗಲ ನೋಡಿದರೆ ಏಳೆಂಟು ಮೈಕ್ರೋಮೀಟರ್, ಅಂದರೆ ಒಂದು ಮಿಲಿಮೀಟರಿನಲ್ಲಿ ನೂರಕ್ಕೂ ಜಾಸ್ತಿ ಕಣಗಳನ್ನು ಸಾಲಾಗಿ ಜೋಡಿಸಬಹುದು.

ಯಾಕೆ ಹೀಗೆ? ಅದರ ಕೆಲಸ ಆಕ್ಸಿಜನ್ ಹೊತ್ತು ತಿರುಗೋದು. ಮೈಟೊಕಾಂಡ್ರಿಯ ಕೆಲಸ ಮಾಡಬೇಕಾದರೆ ಆಕ್ಸಿಜನ್ ಬೇಕು. ಅವು ಒಳಗಿದ್ದರೆ ಹಾಲು ಹೊತ್ತವನೇ ದಾರಿಯಲ್ಲಿ ಹಾಲು ಕುಡಿದ ಹಾಗಾಗುತ್ತಿತ್ತು. ಕೋಶಕೇಂದ್ರ ಇಲ್ಲದ್ದರಿಂದ ಜಾಗ ಉಳಿಯಿತು, ಮೈ ಮಡಚಿಕೊಂಡು ತನಗಿಂತ ಸಪೂರಾದ ರಕ್ತನಾಳದಲ್ಲೂ ನುಸುಳಿ ಹೋಗಬಹುದು. ಆದರೆ ಇದಕ್ಕೆ ಬೆಲೆಯೂ ಇದೆ. ಹೊಸ ಪ್ರೋಟೀನ್ ಮಾಡಲು ಅದಕ್ಕೆ ಬರೋದಿಲ್ಲ, ಕೆಟ್ಟ ಭಾಗವನ್ನು ರಿಪೇರಿ ಮಾಡಿಕೊಳ್ಳಲೂ ಬರೋದಿಲ್ಲ. ಸುಮಾರು 120 ದಿನ ಸುತ್ತಿ ಸವೆದು ಹೋಗುತ್ತದೆ. ಆ ಲೆಕ್ಕ ಸರಿದೂಗಿಸಲು ನಮ್ಮ ಮೂಳೆಯ ಮಜ್ಜೆ ಪ್ರತಿ ಸೆಕೆಂಡಿಗೆ ಸುಮಾರು 20 ಲಕ್ಷ ಹೊಸ ಕಣಗಳನ್ನು ಮಾಡುತ್ತಾ ಇರಬೇಕು. ಕೋಳಿ, ಕಪ್ಪೆ, ಮೀನುಗಳ ಕೆಂಪು ಕಣಗಳಲ್ಲಿ ಕೋಶಕೇಂದ್ರ ಇರುತ್ತದೆ. ಕೋಳಿಯ ರಕ್ತವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಉದ್ದನೆಯ ಕಣದ ನಡುವೆ ಅದು ಕಪ್ಪಗೆ ಎದ್ದು ಕಾಣುತ್ತದೆ.

ಇದಕ್ಕೆ ಪೂರ್ತಿ ತದ್ವಿರುದ್ಧವಾದದ್ದೂ ನಮ್ಮ ಮೈಯಲ್ಲೇ ಇದೆ, ಅದೂ ಅದೇ ಮಜ್ಜೆಯ ಸಂತಾನ. ಪ್ಲಾಸ್ಮಾ ಕೋಶ ಅಂತ. ಸೋಂಕು ಬಂದಾಗ ಆಂಟಿಬಾಡಿ ತಯಾರಿಸಿ ಹೊರಗೆ ಕಳಿಸೋದು ಅದರ ಕೆಲಸ. ಸೆಕೆಂಡಿಗೆ ಸಾವಿರಗಟ್ಟಲೆ ಆಂಟಿಬಾಡಿ ಅಣುಗಳನ್ನು ಹೊರಹಾಕುತ್ತದೆ. ಒಳಗೆ ಏನಿರಬಹುದು ಅಂತ ಮಕ್ಕಳನ್ನು ಕೇಳಿದೆ. ಆಂಟಿಬಾಡಿ ಅಂದರೆ ಪ್ರೋಟೀನ್ ಅಂತ ಮೊದಲೇ ಹೇಳಿದ್ದೆ, ಹಿಂದಿನ ಸಾಲಿನ ಹುಡುಗ ತಟ್ಟನೆ ‘ರೈಬೋಸೋಮ್ ಜಾಸ್ತಿ ಇರಬೇಕು’ ಅಂದ. ಸರಿಯಾಗಿ ಹೇಳಿದ. ಆ ಕೋಶದ ತುಂಬ ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್ ಅನ್ನುವ ಪದರು ಪದರಾದ ಜಾಲ, ಅದರ ಮೈಮೇಲೆಲ್ಲ ರಾಗಿಕಾಳು ಉದುರಿಸಿದಂತೆ ರೈಬೋಸೋಮ್‌ಗಳು. ಅದಕ್ಕೇ ಅದನ್ನು ಒರಟು ಜಾಲ ಅನ್ನುತ್ತಾರೆ. ಕೋಶಕೇಂದ್ರವನ್ನು ಒಂದು ಪಕ್ಕಕ್ಕೆ ಒತ್ತಿ ಕೂರಿಸಿ, ಪ್ರೋಟೀನನ್ನು ಚೀಲ ಕಟ್ಟಿ ಕಳಿಸುವ ಗಾಲ್ಗಿ ಸಂಕೀರ್ಣ ಜಾಗ ಮಾಡಿಕೊಂಡಿರುತ್ತದೆ.

ಈ ಜಾಲದಿಂದ ಗಾಲ್ಗಿಗೆ, ಅಲ್ಲಿಂದ ಹೊರಗೆ ಅನ್ನೋ ದಾರಿಯನ್ನು ಕಂಡುಹಿಡಿದ ಕಥೆ ನನಗೆ ತುಂಬಾ ಇಷ್ಟ. ರೊಮೇನಿಯಾದಲ್ಲಿ ಹುಟ್ಟಿ ಅಮೆರಿಕಕ್ಕೆ ಹೋಗಿ ನೆಲೆಸಿದ ಜೀವಕೋಶ ವಿಜ್ಞಾನಿ ಜಾರ್ಜ್ ಪಲಾಡೆ, 1960ರ ದಶಕದಲ್ಲಿ ಗಿನಿಯಿಲಿಯ ಮೇದೋಜೀರಕ ಗ್ರಂಥಿಯ ತುಣುಕುಗಳನ್ನು ತೆಗೆದುಕೊಂಡರು. ಆ ಗ್ರಂಥಿ ಊಟ ಅರಗಿಸುವ ಕಿಣ್ವಗಳನ್ನು ಮಾಡುವಂಥದ್ದು. ಪ್ರೋಟೀನ್ ಕಟ್ಟುವ ಇಟ್ಟಿಗೆ ಅಂದರೆ ಅಮೈನೋ ಆಮ್ಲ. ವಿಕಿರಣ ಸೂಸುವ ಅಮೈನೋ ಆಮ್ಲವನ್ನು ಆ ತುಣುಕುಗಳಿಗೆ ಮೂರೇ ಮೂರು ನಿಮಿಷ ಕೊಟ್ಟು, ಕೂಡಲೇ ಮಾಮೂಲಿ ಅಮೈನೋ ಆಮ್ಲಕ್ಕೆ ಬದಲಾಯಿಸಿದರು. ಆಮೇಲೆ ಬೇರೆ ಬೇರೆ ಹೊತ್ತಿಗೆ ತುಣುಕು ತೆಗೆದು, ಆ ಗುರುತು ಈಗ ಎಲ್ಲಿದೆ ಅಂತ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದರು. ಮೂರನೇ ನಿಮಿಷಕ್ಕೆ ಒರಟು ಜಾಲದಲ್ಲಿತ್ತು. ಸುಮಾರು ಇಪ್ಪತ್ತನೇ ನಿಮಿಷಕ್ಕೆ ಗಾಲ್ಗಿಗೆ ಬಂದಿತ್ತು. ಸುಮಾರು ಎರಡು ಗಂಟೆಯ ಹೊತ್ತಿಗೆ ಪುಟ್ಟ ಪುಟ್ಟ ಚೀಲಗಳಲ್ಲಿ ಕಟ್ಟಿಕೊಂಡು ಹೊರಬಾಗಿಲಿಗೆ ಬಂದು ನಿಂತಿತ್ತು. ಪುಸ್ತಕದಲ್ಲಿ ಅಲ್ಲಾಡದೆ ಕೂತಿರುವ ಆ ಗೆರೆಗಳ ನಡುವೆ ಇಷ್ಟೊಂದು ಓಡಾಟ ಇದೆ! ಪಲಾಡೆಯವರಿಗೆ 1974ರಲ್ಲಿ ನೊಬೆಲ್ ಬಂತು. ಅದನ್ನು ಹಂಚಿಕೊಂಡವರಲ್ಲಿ ಒಬ್ಬರು ಕ್ರಿಶ್ಚಿಯನ್ ಡಿ ಡ್ಯೂವ್, ಕೋಶದೊಳಗೆ ಬೇಡದ್ದನ್ನು ಕರಗಿಸುವ ಲೈಸೋಸೋಮ್ ಅನ್ನುವ ಚೀಲವನ್ನು ಕಂಡುಹಿಡಿದವರು. ಗೊದ್ದಮೊಟ್ಟೆ ಕಪ್ಪೆಯಾಗುವಾಗ ಅದರ ಬಾಲ ಎಲ್ಲಿ ಹೋಗುತ್ತದೆ ಅಂತ ಮಕ್ಕಳು ಯಾವಾಗಲೂ ಕೇಳುತ್ತಾರೆ. ಬಾಲವನ್ನು ಕರಗಿಸುವ ಕೆಲಸದಲ್ಲಿ ಲೈಸೋಸೋಮಿನ ಕಿಣ್ವಗಳ ಪಾಲು ದೊಡ್ಡದು.

ಲಿವರ್ ಕೋಶಕ್ಕೆ ಬಂದರೆ ರೈಬೋಸೋಮ್ ಅಂಟಿಲ್ಲದ ನುಣುಪು ಜಾಲವೂ ಧಾರಾಳ. ವಿಷ, ಔಷಧಿ, ಹೆಂಡ ಇವನ್ನೆಲ್ಲ ಒಡೆಯುವ ಕಿಣ್ವಗಳು ಇರೋದು ಅಲ್ಲಿ. ಫಿಟ್ಸ್‌ಗೆ ಕೊಡುವ ಫಿನೋಬಾರ್ಬಿಟಾಲ್‌ನಂಥ ಮಾತ್ರೆಯನ್ನು ಬಹಳ ದಿನ ತೆಗೆದುಕೊಂಡರೆ ಈ ಜಾಲ ಹಬ್ಬಿಕೊಳ್ಳುತ್ತದೆ, ಮಾತ್ರೆಯನ್ನು ಬೇಗ ಬೇಗ ಒಡೆದುಹಾಕುತ್ತದೆ, ಮೊದಲಿನ ಡೋಸ್ ಸಾಲದೆ ಹೋಗುತ್ತದೆ. ಅಂದರೆ ಕೆಲಸ ಹೆಚ್ಚಾದರೆ ಕೋಶದ ಒಳಗಿನ ಸಾಮಾನೂ ಹೆಚ್ಚುತ್ತದೆ.

ಇಷ್ಟು ಹೇಳುವ ಹೊತ್ತಿಗೆ ಮಕ್ಕಳು ಮೇಜಿನ ಮೇಲಿದ್ದ ಬೀಟ್‌ರೂಟನ್ನೇ ನೋಡುತ್ತಿದ್ದರು. ಮನೆಯಿಂದ ಎರಡು ಗಾಜಿನ ಲೋಟ, ಒಂದು ಥರ್ಮಾಸ್‌ನಲ್ಲಿ ಕುದಿಸಿದ ನೀರು ತಗೊಂಡು ಹೋಗಿದ್ದೆ. ಬೀಟ್‌ರೂಟ್ ಹೆಚ್ಚಿ, ಹೋಳುಗಳನ್ನು ಎರಡು ಮೂರು ಸಲ ತೊಳೆದೆ. ಕತ್ತಿ ತಾಗಿ ಒಡೆದ ಕೋಶಗಳ ಬಣ್ಣ ಹೋಯಿತು. ಆಮೇಲೆ ಒಂದು ಲೋಟದಲ್ಲಿ ತಣ್ಣೀರು, ಇನ್ನೊಂದರಲ್ಲಿ ಬಿಸಿನೀರು ಹಾಕಿ ಎರಡಕ್ಕೂ ಹೋಳು ಬಿಟ್ಟೆ. ಬಿಸಿನೀರು ನೋಡನೋಡುತ್ತ ಕೆಂಪಾಯಿತು. ತಣ್ಣೀರಿನದು ಹಾಗೇ ಇತ್ತು.

ಆ ಬಣ್ಣ ಇರೋದು ರಸದಾನಿಯಲ್ಲಿ. ಬಲಿತ ಸಸ್ಯಕೋಶದ ಒಳಗಿನ ಜಾಗದಲ್ಲಿ ಶೇಕಡ 90ರವರೆಗೂ ಈ ಒಂದು ರಸದಾನಿಯೇ ತುಂಬಿರಬಹುದು. ನೀರು, ಉಪ್ಪು, ಬಣ್ಣ, ಹುಳಿ, ಕಹಿ ಎಲ್ಲಾ ಅಲ್ಲೇ. ಅದರ ಸುತ್ತ ಒಂದು ಪೊರೆ, ಕೋಶದ ಸುತ್ತ ಇನ್ನೊಂದು. ಜೀವ ಇರುವವರೆಗೆ ಈ ಎರಡು ಪೊರೆಗಳು ಬಣ್ಣವನ್ನು ಬಿಟ್ಟುಕೊಡೋದಿಲ್ಲ. ಬಿಸಿ ತಾಗಿದರೆ ಪೊರೆ ಕೆಡುತ್ತದೆ, ಬಣ್ಣ ಹೊರಗೆ ಬರುತ್ತದೆ. ಪಲ್ಯ ಮಾಡುವಾಗ ಬೀಟ್‌ರೂಟ್ ಬೇಯಿಸಿದ ನೀರು ಕೆಂಪಾಗೋದು ಅದಕ್ಕೇ. ಈರುಳ್ಳಿ ಹೆಚ್ಚುವಾಗ ಕಣ್ಣು ಉರಿಯೋದೂ ಇದೇ ಥರದ ಕಥೆ. ರಸದಾನಿಯಲ್ಲಿ ಒಂದು ಕಿಣ್ವ, ಅದರ ಹೊರಗಿನ ಕೋಶರಸದಲ್ಲಿ ಗಂಧಕ ಇರುವ ಒಂದು ವಸ್ತು. ಎರಡೂ ಒಂದೇ ಮನೆಯಲ್ಲಿದ್ದರೂ ನಡುವೆ ಗೋಡೆ ಇದೆ. ಕತ್ತಿ ಗೋಡೆ ಮುರಿದ ಕೂಡಲೇ ಎರಡೂ ಸೇರಿ, ಹುಟ್ಟಿದ ಆವಿ ಕಣ್ಣಿಗೆ ಬಡಿಯುತ್ತದೆ.

ಕೋಸಂಬರಿಗೆ ಸೌತೆಕಾಯಿ ಹೆಚ್ಚಿ ಉಪ್ಪು ಹಾಕಿ ಇಟ್ಟರೆ ನೀರು ಬಿಡುತ್ತದೆ ಅಲ್ವಾ? ಊಟಕ್ಕೆ ಕೂರುವ ಹೊತ್ತಿಗೆ ಉಪ್ಪು ಹಾಕು ಅಂತ ಅಮ್ಮಂದಿರು ಹೇಳೋದು ಸುಮ್ನೆ ಅಲ್ಲ. ಹೊರಗೆ ಉಪ್ಪು ಜಾಸ್ತಿಯಾದರೆ ಕೋಶದ ನೀರು ಪೊರೆ ದಾಟಿ ಹೊರಗೆ ಹೋಗುತ್ತದೆ, ರಸದಾನಿ ಕುಗ್ಗುತ್ತದೆ, ಹೋಳು ಮೆತ್ತಗಾಗುತ್ತದೆ. ಪಿಯುಸಿ ಲ್ಯಾಬಿನಲ್ಲಿ ರಿಯೋ ಅನ್ನುವ ಅಲಂಕಾರದ ಗಿಡದ ಎಲೆಯ ನೇರಳೆ ಸಿಪ್ಪೆಯಲ್ಲಿ ಇದನ್ನೇ ನೋಡುತ್ತೇವೆ. ಬಣ್ಣದ ಚೀಲ ಕುಗ್ಗಿ ಒಂದು ಕಡೆ ಮುದುಡುತ್ತದೆ, ಹೊರಗಿನ ಕೋಶಭಿತ್ತಿ ಮಾತ್ರ ಅಲುಗದೆ ನಿಂತಿರುತ್ತದೆ.

ಈ ಕೋಶಭಿತ್ತಿಯ ಬೆಲೆ ತಿಳಿಯಬೇಕಾದರೆ ಉಲ್ಟಾ ಮಾಡಿ ನೋಡಿ. ಸಸ್ಯಕೋಶವನ್ನು ಬರೀ ನೀರಿನಲ್ಲಿ ಹಾಕಿದರೆ ನೀರು ಒಳಗೆ ನುಗ್ಗುತ್ತದೆ, ಭಿತ್ತಿ ತಡೆಯುತ್ತದೆ, ಕೋಶ ಗಟ್ಟಿಯಾಗಿ ಉಬ್ಬಿ ನಿಲ್ಲುತ್ತದೆ. ಬಾಡಿದ ಕೊತ್ತಂಬರಿಗೆ ನೀರು ಚಿಮುಕಿಸಿದರೆ ಮತ್ತೆ ನೆಟ್ಟಗಾಗುವುದು ಹೀಗೆ. ಕೆಂಪು ರಕ್ತಕಣವನ್ನು ಅದೇ ನೀರಿಗೆ ಹಾಕಿದರೆ ಉಬ್ಬಿ ಉಬ್ಬಿ ಒಡೆದೇ ಹೋಗುತ್ತದೆ, ಅದಕ್ಕೆ ಭಿತ್ತಿ ಇಲ್ಲ. ಆಸ್ಪತ್ರೆಯಲ್ಲಿ ಡ್ರಿಪ್ ಹಾಕುವಾಗ ಬರೀ ನೀರು ಕೊಡದೆ 0.9 ಶೇಕಡ ಉಪ್ಪಿನ ನೀರು ಕೊಡುವುದರ ಹಿಂದೆ ಇರೋದು ಇದೇ ಲೆಕ್ಕ. ಪ್ರಾಣಿಕೋಶ, ಸಸ್ಯಕೋಶ ಅಂತ ಎರಡು ಕಾಲಂ ಹಾಕಿ ‘ಭಿತ್ತಿ ಇದೆ, ಭಿತ್ತಿ ಇಲ್ಲ’ ಅಂತ ಬರೆಸುತ್ತೇವಲ್ಲ, ಆ ಒಂದು ಸಾಲಿನಲ್ಲಿ ಇಷ್ಟೆಲ್ಲ ಅಡಗಿದೆ.

ಹಸಿರು ಕಣಗಳ ಬಗ್ಗೆ ಸ್ವಲ್ಪ ಹೇಳಿದೆ. ಸಸ್ಯಕೋಶ ಅಂದರೆ ಕ್ಲೋರೋಪ್ಲಾಸ್ಟ್ ಇರಲೇಬೇಕು ಅಂತ ಮಕ್ಕಳು ಅಂದುಕೊಂಡಿರುತ್ತಾರೆ. ಈರುಳ್ಳಿ ಸಿಪ್ಪೆಯನ್ನು ಸೂಕ್ಷ್ಮದರ್ಶಕದಲ್ಲಿ ತೋರಿಸಿದರೆ ಒಂದೂ ಕಾಣೋದಿಲ್ಲ. ಮಣ್ಣೊಳಗೆ ಬಿಸಿಲಿಲ್ಲ, ಅಲ್ಲಿ ಅದಕ್ಕೇನು ಕೆಲಸ? ಆಲೂಗಡ್ಡೆಯಲ್ಲಿ ಅದೇ ಕುಲದ ಕಣಗಳು ಪಿಷ್ಟ ತುಂಬಿಕೊಂಡು ಬಿಳಿ ಉಗ್ರಾಣಗಳಾಗಿರುತ್ತವೆ. ಬೆಳಕಿಗೆ ಬಿಟ್ಟರೆ ಅವೇ ಹಸಿರಾಗುತ್ತವೆ. (ಹಾಗೆ ಹಸಿರಾದ ಭಾಗ ತಿನ್ನಬೇಡಿ, ಆ ಹೊತ್ತಿಗೆ ಅಲ್ಲಿ ಸೋಲನಿನ್ ಅನ್ನುವ ವಿಷವೂ ಹೆಚ್ಚಿರುತ್ತದೆ.) ನಮ್ಮ ಬ್ಯಾಡಗಿ ಮೆಣಸಿನಕಾಯಿ ಗಿಡದಲ್ಲಿ ಹಸಿರಾಗಿದ್ದದ್ದು ಹಣ್ಣಾಗಿ ಕೆಂಪಾಗುತ್ತದಲ್ಲ, ಆಗ ಕ್ಲೋರೋಪ್ಲಾಸ್ಟ್‌ಗಳೇ ರೂಪ ಬದಲಿಸಿ ಕ್ರೋಮೋಪ್ಲಾಸ್ಟ್ ಆಗುತ್ತವೆ. ಒಳಗಿನ ಹಸಿರು ಒಡೆದು ಹೋಗಿ ಕ್ಯಾಪ್ಸಾಂಥಿನ್ ಅನ್ನುವ ಕೆಂಪು ತುಂಬುತ್ತದೆ. ಸಂತೆಯಲ್ಲಿ ಮೆಣಸಿನಕಾಯಿಯ ಬಣ್ಣ ನೋಡಿ ದರ ಹೇಳುವವರು ನೋಡುತ್ತಿರುವುದು ಜೀವಕೋಶದ ಒಳಗಿನ ಒಂದು ಭಾಗವನ್ನೇ.

ಮೈಟೊಕಾಂಡ್ರಿಯದ ವಿಷಯ ಬಂದಾಗ ಎಲ್ಲರೂ ಒಟ್ಟಿಗೆ ‘ಪವರ್ ಹೌಸ್!’ ಅಂದರು. ಸರಿ, ಯಾವ ಮನೆಗೆ ಎಷ್ಟು ಕರೆಂಟು ಬೇಕು ಅಂತ ಕೇಳಿದೆ. ಹೃದಯದ ಸ್ನಾಯುಕೋಶ ಹುಟ್ಟಿದಾಗಿನಿಂದ ಬಿಡುವಿಲ್ಲದೆ ದುಡಿಯುತ್ತದೆ, ಅದರ ಒಳಗಿನ ಜಾಗದಲ್ಲಿ ಸುಮಾರು ಮೂರರಲ್ಲಿ ಒಂದು ಪಾಲು ಬರೀ ಮೈಟೊಕಾಂಡ್ರಿಯ. ವೀರ್ಯಾಣುವಿನಲ್ಲಿ ಬಾಲದ ಬುಡಕ್ಕೆ ಸುತ್ತಿಕೊಂಡಿರುತ್ತವೆ, ಈಜುವ ಬಾಲಕ್ಕೆ ಶಕ್ತಿ ಅಲ್ಲೇ ಬೇಕಲ್ಲ. ಕೋಳಿ ತಿನ್ನುವವರಿಗೆ ಗೊತ್ತಿರುತ್ತದೆ, ತೊಡೆಯ ಮಾಂಸ ಕಪ್ಪಗೆ, ಎದೆಯದು ಬೆಳ್ಳಗೆ. ಕೋಳಿ ದಿನವಿಡೀ ನಡೆಯುತ್ತದೆ, ಹಾರೋದು ಯಾವಾಗಲೋ ಒಂದು ಸಲ. ನಡೆಯುವ ಸ್ನಾಯುವಿಗೆ ಮೈಟೊಕಾಂಡ್ರಿಯ ಜಾಸ್ತಿ, ಆಕ್ಸಿಜನ್ ಹಿಡಿದಿಡುವ ಮಯೋಗ್ಲೋಬಿನ್ ಜಾಸ್ತಿ. ಕಪ್ಪು ಬಣ್ಣ ಆ ಮಯೋಗ್ಲೋಬಿನ್ನಿನದು. ದೂರ ದೂರ ಹಾರುವ ಪಾರಿವಾಳಕ್ಕೆ ಎದೆಯ ಮಾಂಸವೇ ಕಪ್ಪು.

ಇನ್ನು ಬ್ಯಾಕ್ಟೀರಿಯಾ. ಮೊಸರಿನಲ್ಲಿರುವುದು, ದೋಸೆ ಹಿಟ್ಟು ಉಬ್ಬಿಸುವುದು, ನಮಗೆ ಜ್ವರ ತರುವುದು ಎಲ್ಲಕ್ಕೂ ಒಳಗಿನ ಕಟ್ಟಡ ಒಂದೇ ಥರ. ಪೊರೆ ಸುತ್ತಿದ ಕೋಶಕೇಂದ್ರ ಇಲ್ಲ, ಡಿಎನ್‌ಎ ಬಯಲಲ್ಲೇ ಇರುತ್ತದೆ. ಮೈಟೊಕಾಂಡ್ರಿಯ ಇಲ್ಲ. ರೈಬೋಸೋಮ್ ಇದೆ, ಆದರೆ ನಮ್ಮ ಕೋಶರಸದಲ್ಲಿರುವುದಕ್ಕಿಂತ ಚಿಕ್ಕದು. ನಮ್ಮದಕ್ಕೆ 80ಎಸ್, ಅವುಗಳದ್ದಕ್ಕೆ 70ಎಸ್ ಅನ್ನುತ್ತಾರೆ (ಎಸ್ ಅನ್ನೋದು ಗಿರಗಿರ ತಿರುಗಿಸಿದಾಗ ಅದು ಎಷ್ಟು ಬೇಗ ತಳಕ್ಕಿಳಿಯುತ್ತದೆ ಅನ್ನುವ ಅಳತೆ). ಈ ಎರಡು ಸಂಖ್ಯೆಗಳನ್ನು ಪರೀಕ್ಷೆಗೆ ಅಂತ ಓದಿ ಮರೆಯುತ್ತೇವೆ. ಅದೆಷ್ಟೋ ಜನರ ಪ್ರಾಣ ಉಳಿದಿರುವುದು ಈ ವ್ಯತ್ಯಾಸದಿಂದ. ಸ್ಟ್ರೆಪ್ಟೊಮೈಸಿನ್, ಟೆಟ್ರಾಸೈಕ್ಲಿನ್, ಅಜಿತ್ರೊಮೈಸಿನ್ ಅನ್ನುವ ಆಂಟಿಬಯೋಟಿಕ್‌ಗಳೆಲ್ಲ ಹೋಗಿ ಕೂರುವುದು ಬ್ಯಾಕ್ಟೀರಿಯಾದ ರೈಬೋಸೋಮ್ ಮೇಲೆ. ಪೆನಿಸಿಲಿನ್ ಬ್ಯಾಕ್ಟೀರಿಯಾ ತನ್ನ ಭಿತ್ತಿ ಕಟ್ಟುವುದನ್ನು ತಡೆಯುತ್ತದೆ, ನಮಗೆ ಭಿತ್ತಿಯೇ ಇಲ್ಲದ್ದರಿಂದ ನಮ್ಮ ಕೋಶಕ್ಕೆ ಆ ಹೊಡೆತ ಬೀಳೋದಿಲ್ಲ. ರೈಬೋಸೋಮಿನ ಒಳರಚನೆಯನ್ನು ಅಣು ಅಣುವಾಗಿ ಬಿಡಿಸಿದವರಲ್ಲಿ ತಮಿಳುನಾಡಿನ ಚಿದಂಬರಂನಲ್ಲಿ ಹುಟ್ಟಿದ ವೆಂಕಟರಾಮನ್ ರಾಮಕೃಷ್ಣನ್ ಒಬ್ಬರು, 2009ರ ನೊಬೆಲ್ ಹಂಚಿಕೊಂಡವರು. ಶೀತ ತರುವ ವೈರಸ್ಸಿಗೆ ಭಿತ್ತಿಯೂ ಇಲ್ಲ, ರೈಬೋಸೋಮೂ ಇಲ್ಲ, ಅದು ಜೀವಕೋಶವೇ ಅಲ್ಲ. ಅದಕ್ಕೇ ನೆಗಡಿಗೆ ಆಂಟಿಬಯೋಟಿಕ್ ನುಂಗಬೇಡಿ ಅಂತ ಅಪ್ಪ ಅಮ್ಮಂದಿರ ಕಡೆ ತಿರುಗಿ ಎರಡು ಸಲ ಹೇಳಿದೆ.

ಇಲ್ಲೇ ಒಂದು ವಿಚಿತ್ರ ಇದೆ. ಮೈಟೊಕಾಂಡ್ರಿಯಕ್ಕೆ ತನ್ನದೇ ಡಿಎನ್‌ಎ ಇದೆ, ಮನುಷ್ಯರಲ್ಲಿ 37 ವಂಶವಾಹಿಗಳಷ್ಟು. ತನ್ನದೇ ರೈಬೋಸೋಮ್ ಇದೆ, ಅದು ಬ್ಯಾಕ್ಟೀರಿಯಾದ ರೈಬೋಸೋಮಿನ ನೆಂಟ. ಯಾಕೆಂದರೆ ಯಾವುದೋ ಕಾಲದಲ್ಲಿ ಅದು ಸ್ವತಂತ್ರ ಬ್ಯಾಕ್ಟೀರಿಯಾ ಆಗಿತ್ತು, ಇನ್ನೊಂದು ಕೋಶದೊಳಗೆ ಸೇರಿ ಅಲ್ಲೇ ಉಳಿಯಿತು. ಅಮೆರಿಕದ ಜೀವವಿಜ್ಞಾನಿ ಲಿನ್ ಮಾರ್ಗುಲಿಸ್ 1967ರಲ್ಲಿ ಈ ವಾದ ಮುಂದಿಟ್ಟಾಗ ಹೆಚ್ಚಿನವರು ಒಪ್ಪಲಿಲ್ಲ. ಇವತ್ತು ಅದು ಪಠ್ಯದಲ್ಲಿದೆ. ಸ್ಟ್ರೆಪ್ಟೊಮೈಸಿನ್, ಜೆಂಟಾಮೈಸಿನ್‌ನಂಥ ಔಷಧಿಗಳು ಯಾರ ಕಿವಿಗಾದರೂ ತೊಂದರೆ ಮಾಡಬಹುದು. ಆದರೆ ಕೆಲವು ಮನೆತನಗಳಲ್ಲಿ ಸ್ವಲ್ಪವೇ ಕೊಟ್ಟರೂ ಕಿವಿ ಕೇಳದೆ ಹೋಗುತ್ತಿತ್ತು, ಅದೂ ತಾಯಿಯ ಕಡೆಯಿಂದಲೇ ಬರುತ್ತಿತ್ತು. 1993ರಲ್ಲಿ ಕಾರಣ ಸಿಕ್ಕಿತು. ಅವರ ಮೈಟೊಕಾಂಡ್ರಿಯದ ಡಿಎನ್‌ಎಯಲ್ಲಿ ಒಂದೇ ಒಂದು ಅಕ್ಷರ ಬದಲಾಗಿತ್ತು. ಅದರಿಂದ ಆ ರೈಬೋಸೋಮ್ ಬ್ಯಾಕ್ಟೀರಿಯಾದ್ದನ್ನು ಇನ್ನಷ್ಟು ಹೋಲುವಂತಾಗಿ, ಔಷಧಿ ಅದಕ್ಕೂ ಹೋಗಿ ಅಂಟಿಕೊಳ್ಳುತ್ತಿತ್ತು. ಮೈಟೊಕಾಂಡ್ರಿಯ ನಮಗೆ ಬರೋದು ತಾಯಿಯ ಅಂಡಾಣುವಿನಿಂದ. ಹಾಗಾಗಿ ದೋಷವೂ ಅದೇ ದಾರಿಯಲ್ಲಿ ಬರುತ್ತಿತ್ತು.

ಕೊನೆಗೆ ಪ್ರಶ್ನೆಗಳು. ಒಬ್ಬ ಹುಡುಗ, ಕೋಶಕೇಂದ್ರ ಜೀವಕೋಶದ ಮೆದುಳು ಅಲ್ವಾ ಸರ್ ಅಂದ. ಮೆದುಳು ಹೋದರೆ ನಾವು ಬದುಕೋದಿಲ್ಲ, ಕೆಂಪು ಕಣ ಕೋಶಕೇಂದ್ರ ಬಿಟ್ಟು 120 ದಿನ ಬದುಕುತ್ತದಲ್ಲ ಅಂದೆ. ಅಡುಗೆಯ ಪುಸ್ತಕ ಇಟ್ಟ ಕಪಾಟು ಅನ್ನು, ಅದು ಹೆಚ್ಚು ಹತ್ತಿರ. ಇನ್ನೊಬ್ಬಳು, ಕಣ್ಣಿನ ಮಸೂರದಲ್ಲೂ ಜೀವಕೋಶ ಇದೆಯಾ, ಅದು ಗಾಜಿನ ಥರ ಇರುತ್ತಲ್ಲ ಅಂತ ಕೇಳಿದಳು. ನಾನು ಉತ್ತರ ಕೊಡಲಿಲ್ಲ. ಅದರ ಕೆಲಸ ಏನು ಅಂದೆ. ‘ಬೆಳಕು ಬಿಡೋದು’. ಹಾಗಾದರೆ ಒಳಗೆ ಏನಿರಬೇಕು? ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಅವಳೇ ಮೆಲ್ಲಗೆ ಅಂದಳು, ‘ಏನೂ ಇರಬಾರದು’.

ಹೌದು. ಮಸೂರದ ಕೋಶಗಳು ಬಲಿಯುವಾಗ ಕೋಶಕೇಂದ್ರ, ಮೈಟೊಕಾಂಡ್ರಿಯ, ಜಾಲ ಎಲ್ಲವನ್ನೂ ತಾವೇ ಕರಗಿಸಿಬಿಡುತ್ತವೆ. ಒಳಗೆ ಏನೇ ಉಳಿದರೂ ಬೆಳಕು ಚದುರುತ್ತದೆ. ಉಳಿಯೋದು ಕ್ರಿಸ್ಟಲಿನ್ ಅನ್ನುವ ಪ್ರೋಟೀನ್ ಒತ್ತೊತ್ತಾಗಿ ತುಂಬಿದ ಉದ್ದನೆಯ ಎಳೆಗಳು. ರಕ್ತಕಣದ ಥರವೇ ಇವಕ್ಕೂ ಹೊಸ ಪ್ರೋಟೀನ್ ಮಾಡಲು ಬರೋದಿಲ್ಲ. ಆದರೆ ರಕ್ತಕಣವನ್ನಾದರೆ ಮಜ್ಜೆ ಬದಲಾಯಿಸುತ್ತದೆ, ಮಸೂರದ ಕೋಶವನ್ನು ಯಾರೂ ಬದಲಾಯಿಸೋದಿಲ್ಲ. ಹೊಸ ಕೋಶ ಹೊರಗಿನಿಂದ ಸೇರುತ್ತಾ ಹೋಗುತ್ತದೆ, ನಟ್ಟನಡುವಿನವು ನಾವು ಹುಟ್ಟುವ ಮೊದಲೇ ಆದವು, ಅವೇ ಕೊನೆತನಕ. ಅಷ್ಟು ವರ್ಷದ ಬಿಸಿಲು, ಸಕ್ಕರೆ ಎಲ್ಲ ಸೇರಿ ಆ ಪ್ರೋಟೀನ್ ನಿಧಾನಕ್ಕೆ ಕೆಟ್ಟು ಗಂಟುಗಟ್ಟಿದರೆ ಮಸೂರ ಮಂಜಾಗುತ್ತದೆ. ಕಣ್ಣಿಗೆ ಪೊರೆ ಬಂತು ಅನ್ನೋದು ಅದನ್ನೇ.

ಬಾಗಿಲ ಬಳಿ ಕೂತಿದ್ದ ಅಜ್ಜಿ ಅಲ್ಲಿವರೆಗೂ ಒಂದು ಮಾತೂ ಆಡಿರಲಿಲ್ಲ. ಆಗ ಕೈ ಎತ್ತಿದರು.

‘ಮಾಸ್ತರ, ಹೋದ ವರ್ಷ ನನ್ನ ಕಣ್ಣಿಂದು ಆಪರೇಷನ್ ಆಗೇತಿ. ಹಂಗಾದ್ರ ಡಾಕ್ಟರು ಒಳಗಿಂದ ತಗದಿದ್ದು, ನಾ ನಮ್ಮವ್ವನ ಹೊಟ್ಟ್ಯಾಗ ಇದ್ದಾಗಿಂದನ?’

‘ಹೌದಜ್ಜಿ, ನಡುವಿನದು ಆವಾಗಿನದೇ’ ಅಂದೆ. ಅಜ್ಜಿ ಕನ್ನಡಕ ತೆಗೆದು ಸೆರಗಿನಿಂದ ಒರೆಸಿ ಮತ್ತೆ ಹಾಕಿಕೊಂಡರು. ‘ಅಷ್ಟ ವರ್ಷ ಬಾಳಿತಲ್ಲ’ ಅಂದರು.